ಆ ಅರ್ಜಿಗೆ ಸಹಿ ಹಾಕುವ ಮುನ್ನ: ಪುಣೆಯ ಕನ್ನಡಿಗರಿಗೊಂದು ಬಹಿರಂಗ ಪತ್ರ

ವಾರ್ಜೆ, ಕೋಥ್ರುಡ, ಬಾಣೇರ, ವಾಕಡ ಕಡೆ ನೆಲೆಸಿರುವ ಕನ್ನಡ ಬಂಧುಗಳಿಗೆ ನಮಸ್ಕಾರ.

ನಮ್ಮ ಭಾಗದ ಹೌಸಿಂಗ್ ಸೊಸೈಟಿಗಳಲ್ಲಿ ಈಗ ಒಂದು ಅರ್ಜಿ ಕೈಯಿಂದ ಕೈಗೆ ದಾಟುತ್ತಿದೆ. ಪೊಲೀಸ್ ಆಯುಕ್ತರ ಹೆಸರಿಗೆ ಬರೆದ ಎರಡು ಪುಟದ ಮನವಿ ಅದು. ಸಿಗ್ನಲ್‌ಗಳಲ್ಲಿ ಹಣ ಕೇಳುವವರು, ಕಾರಿನ ಗಾಜು ಒರೆಸುವವರು, ಹೂವು, ಪೆನ್ನು, ಬಲೂನು ಮಾರುವವರು, ಮುಂಜಾನೆ ಹೆದ್ದಾರಿಯ ಸೇವಾ ರಸ್ತೆಯಲ್ಲಿ ಕೂಲಿಗಾಗಿ ನಿಲ್ಲುವವರು ಎಲ್ಲರನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ, ವಾಹನ ಓಡಾಡುವ ಯಾವ ರಸ್ತೆಯ ಬದಿಯಲ್ಲೂ ಇವರು ಸೇರದಂತೆ ನಿಷೇಧಾಜ್ಞೆ ಹೊರಡಿಸಬೇಕೆಂದು ಕೇಳುತ್ತದೆ. ನಮ್ಮ ಕಟ್ಟಡದ ಕಾವಲುಗಾರನ ಮೇಜಿನ ಮೇಲೂ ಒಂದು ಪ್ರತಿ ಇದೆ. ಸಹಿಗಳ ಸಾಲಿನಲ್ಲಿ ಹಿರೇಮಠರಿದ್ದಾರೆ, ದೇಸಾಯರಿದ್ದಾರೆ, ಶೆಟ್ಟರಿದ್ದಾರೆ. ರಾಜ್ಯೋತ್ಸವದ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರೂ ಇದ್ದಾರೆ. ಅದಕ್ಕೇ ಈ ಪತ್ರ ಕನ್ನಡದಲ್ಲಿದೆ. ಆಯುಕ್ತರಿಗೆ ಹೇಳಬೇಕಾದ್ದನ್ನು ಮರಾಠಿಯಲ್ಲಿ ಬೇರೆಯಾಗಿ ಬರೆಯುತ್ತೇನೆ.

ನಾನು ಸಹಿ ಹಾಕಿಲ್ಲ. ನೀವೂ ಹಾಕಬೇಡಿ, ಹಾಕಿದ್ದರೆ ಹಿಂದಕ್ಕೆ ಪಡೆಯಿರಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ. ಕನಿಕರ ತೋರಿ ಎಂದು ಹೇಳಲು ಬಂದವನಲ್ಲ. ಕನಿಕರ ಇದ್ದವರಿಗೆ ಅದು ಇದ್ದೇ ಇರುತ್ತದೆ, ಇಲ್ಲದವರಿಗೆ ನನ್ನ ಪತ್ರ ಓದಿ ಹುಟ್ಟುವುದಿಲ್ಲ. ನನ್ನ ತಕರಾರು ಬೇರೆ. ರಸ್ತೆಗೆ ಅಡ್ಡಿ ಮಾಡುವುದನ್ನು ತಡೆಯಲು ಕಾನೂನು ಈಗಾಗಲೇ ಇದೆ, ಬೇಕಾದಷ್ಟು ಇದೆ. ಈ ಅರ್ಜಿಗೆ ಅದು ಸಾಲದು. ಕೆಲವು ಬಗೆಯ ಜನ ರಸ್ತೆಯ ಹತ್ತಿರ ನಿಲ್ಲುವುದೇ ಅಪರಾಧವಾಗಲಿ ಎಂಬುದು ಅದರ ಬೇಡಿಕೆ.

ಮೊದಲು ನಾಕಾದ, ಅಂದರೆ ಕೂಲಿಗಾಗಿ ಕಾದು ನಿಲ್ಲುವ ಜಾಗದ, ಮಾತು, ಏಕೆಂದರೆ ಅಲ್ಲಿ ನಿಲ್ಲುವವರಲ್ಲಿ ಬಹಳ ಮಂದಿ ನಮ್ಮವರು. ವಾರ್ಜೆಯ ಮಜೂರ್ ಅಡ್ಡಾವನ್ನು ನೀವೆಲ್ಲ ನೋಡಿದ್ದೀರಿ. ಕಾತ್ರಜ, ಹಡಪಸರ ಕಡೆಯೂ ಇಂಥವು ಇವೆ, ಮುಂಬಯಿಯಲ್ಲಂತೂ ನಾಕಾ ಇಲ್ಲದ ಉಪನಗರವಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಗುಳೆ ಬಂದವರು, ತಾಂಡಾಗಳ ಲಂಬಾಣಿಗರು, ವಡ್ಡರು, ಅವರ ಜೊತೆಗೆ ಲಾತೂರು, ನಾಂದೇಡದ ಮರಾಠಿ ಮಂದಿ ಬೆಳಿಗ್ಗೆ ಏಳರ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಬಂದು ನಿಲ್ಲುತ್ತಾರೆ. ಯಾರ ಕಸುಬು ಏನೆಂದು ಕೇಳಬೇಕಾಗಿಲ್ಲ. ಚೀಲದಿಂದ ಕರಣೆ ಇಣುಕಿದರೆ ಗೌಂಡಿ, ಕುಂಚ ಇಣುಕಿದರೆ ಬಣ್ಣದವನು, ಬರಿಗೈಯಾದರೆ ಬಿಗಾರಿ, ಅಂದರೆ ಕೈಯಾಳು. ಮುಕಾದಮ, ಅಂದರೆ ಆಳು ಕರೆದೊಯ್ಯುವ ಮೇಸ್ತ್ರಿ, ಬೈಕು ನಿಲ್ಲಿಸುತ್ತಾನೆ, ಎಷ್ಟು ಮಂದಿ ಬೇಕು, ಎಲ್ಲಿ ಕೆಲಸ, ಹಾಜರಿ (ದಿನಗೂಲಿ) ಎಷ್ಟು ಎಂದು ಮಾತಾಗುತ್ತದೆ, ಚೌಕಾಸಿ ನಡೆಯುತ್ತದೆ, ನಾಲ್ವರು ಟೆಂಪೊ ಹತ್ತುತ್ತಾರೆ. ಹತ್ತು ಗಂಟೆಯಾದರೆ ಅಲ್ಲಿ ಉಳಿಯುವುದು ಆ ದಿನ ಯಾರೂ ಕರೆಯದವರು. ಸ್ವಲ್ಪ ಹೊತ್ತು ಕುಳಿತು ಅವರೂ ಮನೆಗೆ ಹೋಗುತ್ತಾರೆ.

ಇದನ್ನು ಅರ್ಜಿ 'ಅನಧಿಕೃತ ಜಮಾವಣೆ' ಎಂದು ಕರೆದಿದೆ. ನೀವು ಜಾಬ್ ಪೋರ್ಟಲ್‌ನಲ್ಲಿ ನಿಮ್ಮ ವಿವರ ಏರಿಸಿ ಕಾಯುತ್ತೀರಿ, ಅವರು ರಸ್ತೆಯ ಅಂಚಿನಲ್ಲಿ ತಮ್ಮನ್ನೇ ತಂದು ನಿಲ್ಲಿಸಿಕೊಂಡು ಕಾಯುತ್ತಾರೆ. ಆದರೆ ನಾಕಾ ಬರೀ ಕಾಯುವ ಜಾಗವಲ್ಲ, ಮತ್ತು ಸಹಿ ಹಾಕಿದವರಲ್ಲಿ ಯಾರಿಗೂ ಈ ವಿಷಯ ತಿಳಿದಂತೆ ಕಾಣುವುದಿಲ್ಲ. ಅಲ್ಲಿ ಒಟ್ಟಿಗೆ ನಿಲ್ಲುವುದರಿಂದಲೇ ಕೂಲಿಯ ದರ ನಿಲ್ಲುತ್ತದೆ. ಗೌಂಡಿಯ ಹಾಜರಿ ಇಷ್ಟು, ಬಿಗಾರಿಯ ಹಾಜರಿ ಇಷ್ಟು, ಹೆಣ್ಣಾಳಿನದು ಇಷ್ಟು ಎಂಬುದನ್ನು ಯಾವ ಸರ್ಕಾರವೂ ಅಲ್ಲಿ ಫಲಕ ಹಾಕಿ ಹೇಳಿಲ್ಲ. ಪಕ್ಕದಲ್ಲಿ ನಿಂತವನ ಮುಖ ನೋಡಿಕೊಂಡು ಅದಕ್ಕಿಂತ ಕೆಳಗಿಳಿಯಲು ಯಾರೂ ಒಪ್ಪುವುದಿಲ್ಲ, ಅಷ್ಟೇ. (ಹೆಣ್ಣಾಳಿಗೆ ಕಡಿಮೆ ಏಕೆ ಎಂಬ ಪ್ರಶ್ನೆಗೆ ನಾಕಾದ ಬಳಿಯೂ ಉತ್ತರವಿಲ್ಲ, ಅದು ಬೇರೆಯೇ ಜಗಳ.) ಪಗಾರ ಮುಳುಗಿಸಿದ ಮುಕಾದಮನ ಹೆಸರು ಮರುದಿನ ಮುಂಜಾನೆಯೇ ಇಡೀ ಅಡ್ಡಾಕ್ಕೆ ಗೊತ್ತಾಗುತ್ತದೆ, ಅವನ ಟೆಂಪೊ ಹತ್ತಲು ಜನ ಹಿಂದೆಮುಂದೆ ನೋಡುತ್ತಾರೆ. ಕಾರ್ಮಿಕ ಇಲಾಖೆಯ ಕಡತಕ್ಕಿಂತ ವೇಗವಾಗಿ ಕೆಲಸ ಮಾಡುವ ವ್ಯವಸ್ಥೆ ಇದು. ಇವರನ್ನು ಚದುರಿಸಿದರೆ ಕೆಲಸವೇನೂ ನಿಲ್ಲುವುದಿಲ್ಲ, ಕಟ್ಟಡಗಳು ಏಳುತ್ತಲೇ ಇರುತ್ತವೆ. ಆದರೆ ಪ್ರತಿಯೊಬ್ಬನೂ ತನ್ನ ತಗಡಿನ ಶೆಡ್ಡಿನಲ್ಲಿ ಒಂಟಿಯಾಗಿ ಮುಕಾದಮನ ಫೋನಿಗೆ ಕಾಯುತ್ತಾನೆ, ಮುಕಾದಮ ಹೇಳಿದ್ದೇ ದರವಾಗುತ್ತದೆ. ಐದು ಜನ ಸೇರಬಾರದು ಎಂಬ ಆಜ್ಞೆಯ ನಿಜವಾದ ಲಾಭ ಯಾರಿಗೆ ಎಂದು ನೀವೇ ಯೋಚಿಸಿ.

ರಸ್ತೆಯ ಪಕ್ಕದಲ್ಲೇ ಏಕೆ ನಿಲ್ಲಬೇಕು ಎಂದು ನಮ್ಮ ಸೊಸೈಟಿಯ ಸಭೆಯಲ್ಲಿ ಒಬ್ಬರು ಕೇಳಿದರು. ಟೆಂಪೊ ರಸ್ತೆಯಲ್ಲಿ ಬರುತ್ತದೆ, ಅದಕ್ಕೆ. ಒಳಗಿನ ಯಾವುದಾದರೂ ಮೈದಾನದಲ್ಲಿ ನೆರಳು, ನೀರು, ಶೌಚಾಲಯ ಇದ್ದು, ಗುತ್ತೇದಾರರೂ ಅಲ್ಲಿಗೇ ಬರುತ್ತಾರೆಂದು ಖಾತ್ರಿಯಿದ್ದರೆ, ಬಿಸಿಲಿನಲ್ಲಿ ಟ್ರಕ್ಕಿನ ಹೊಗೆ ಕುಡಿಯುತ್ತಾ ನಿಲ್ಲುವ ಹಂಬಲ ಯಾರಿಗೂ ಇಲ್ಲ. ಅಂಥ ಜಾಗಕ್ಕೆ ಹಣವಿಲ್ಲವೆಂದೂ ಹೇಳುವಂತಿಲ್ಲ. 1996ರ ಕಾನೂನು ಬಂದಾಗಿನಿಂದ ಕಟ್ಟಡ ಕಟ್ಟಿಸುವವರು ನಿರ್ಮಾಣ ವೆಚ್ಚದ ಶೇ 1ರಷ್ಟನ್ನು ಕಾರ್ಮಿಕ ಕಲ್ಯಾಣಕ್ಕೆಂದು ಸೆಸ್ ಕಟ್ಟಬೇಕು. ನಾವು ಫ್ಲಾಟಿಗೆ ಕೊಟ್ಟ ಬೆಲೆಯಲ್ಲಿ ಅದೂ ಸೇರಿದೆ. ಆದರೆ ಆ ಸೆಸ್ ಸೇರುವ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ದಿನಕ್ಕೊಬ್ಬ ಮಾಲೀಕನ ಬಳಿ ದುಡಿಯುವ ನಾಕಾ ಕಾರ್ಮಿಕನಿಗೆ ಆ ಪುರಾವೆ ಬರೆದುಕೊಡುವವರು ಯಾರು? ಸೆಸ್ ಸಲ್ಲುವುದು ಅವನ ಹೆಸರಿನಲ್ಲಿ, ಕಾರ್ಡು ಮಾತ್ರ ಅವನ ಕೈಗೆ ಬರುವುದಿಲ್ಲ.

ಇನ್ನು ಕಾನೂನಿಗೆ ಬರುತ್ತೇನೆ. ಅರ್ಜಿ ಕೇಳುತ್ತಿರುವ ನಿಷೇಧಾಜ್ಞೆ ನಮಗೆಲ್ಲ 144 ಎಂದೇ ಪರಿಚಿತ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು ಆಗಿದೆ, ಹುರುಳು ಅದೇ. ಗಲಭೆಯೋ ಜೀವಾಪಾಯವೋ ಎದುರಾದಾಗ ಕೂಡಲೇ ತಡೆಯಲೆಂದು ಕೊಟ್ಟ ಅಧಿಕಾರ ಅದು. ಎರಡು ತಿಂಗಳಿಗಿಂತ ಹೆಚ್ಚು ಅದು ಜಾರಿಯಲ್ಲಿರುವಂತಿಲ್ಲ. ಮುಂದುವರಿಸಬೇಕಾದರೆ ರಾಜ್ಯ ಸರ್ಕಾರ ಆದೇಶಿಸಬೇಕು, ಅದಕ್ಕೂ ಆರು ತಿಂಗಳ ಮಿತಿ. ಕಾಶ್ಮೀರದ ನಿರ್ಬಂಧಗಳ ಕುರಿತ ಅನುರಾಧಾ ಭಸೀನ್ ಪ್ರಕರಣದಲ್ಲಿ, 2020ರ ಜನವರಿಯಲ್ಲಿ, ಇಂಥ ಆದೇಶಗಳನ್ನು ಮೇಲಿಂದ ಮೇಲೆ ಹೊರಡಿಸುತ್ತ ಹೋಗುವುದು ಅಧಿಕಾರದ ದುರುಪಯೋಗ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಸಿಗ್ನಲ್‌ನಲ್ಲಿ ಬಲೂನು ಮಾರುವುದು ನಿಮಗೆ ಕಿರಿಕಿರಿಯಾಗಿರಬಹುದು, ಆದರೆ ಅದು ಯಾವ ಲೆಕ್ಕದಲ್ಲೂ ತುರ್ತು ಪರಿಸ್ಥಿತಿಯಲ್ಲ. ವರ್ಷಗಟ್ಟಲೆಯ ಬಡತನವನ್ನು ಎರಡು ತಿಂಗಳ ಆಜ್ಞೆಯಿಂದ ಓಡಿಸುವುದು ನೆಗಡಿಗೆ ಮೂಗು ಕೊಯ್ದಂತೆ.

ಇನ್ನೊಂದು ದಾರಿ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯದು. 1951ರ ಆ ಕಾಯ್ದೆಯ 37(3)ನೇ ಕಲಮಿನ ಪ್ರಕಾರ ಆಯುಕ್ತರು ಜನ ಸೇರುವುದನ್ನು ನಿಷೇಧಿಸಬಹುದು, ಸರ್ಕಾರದ ಮಂಜೂರಾತಿ ಇಲ್ಲದಿದ್ದರೆ 15 ದಿನ ಮಾತ್ರ. ಮರಾಠಿ ಪತ್ರಿಕೆಗಳಲ್ಲಿ 'ಜಮಾವಬಂದಿ' ಎಂದು ಆಗಾಗ ಓದುತ್ತೀರಲ್ಲ, ಅದು ಇದೇ. ಮುಂಬಯಿಯಲ್ಲಿ ಹೊರಡುವ ಇಂಥ ಆದೇಶಗಳನ್ನು ಒಮ್ಮೆ ಪೂರ್ತಿ ಓದಿ ನೋಡಿ, ಮೋಜಿದೆ. ಐದು ಅಥವಾ ಹೆಚ್ಚು ಜನ ಸೇರಬಾರದು ಎಂದು ಹೇಳಿದ ಬಳಿಕ ವಿನಾಯಿತಿಗಳು ಬರುತ್ತವೆ: ಮದುವೆ, ಶವಸಂಸ್ಕಾರ, ಸಿನಿಮಾ ಮಂದಿರ, ಕಚೇರಿ, ಕೋರ್ಟು, ಶಾಲೆ, ಕಾರ್ಖಾನೆ, ಕ್ಲಬ್ಬು, ಸಹಕಾರಿ ಸಂಘಗಳ ಸಭೆ. ನಮ್ಮ ಸೊಸೈಟಿಯೂ ಸಹಕಾರಿ ಸಂಘವೇ. ಅಂದರೆ ಈ ಅರ್ಜಿ ಬರೆಯಲು ಸೇರಿದ ಸಭೆಗೆ ವಿನಾಯಿತಿ ಇರುತ್ತದೆ, ಅರ್ಜಿ ಯಾರ ಮೇಲೆ ಬರೆಯಲಾಗಿದೆಯೋ ಅವರಿಗೆ ಇರುವುದಿಲ್ಲ. ಕೂಲಿಗಾಗಿ ನಿಲ್ಲುವುದೂ ಒಂದು ಕೆಲಸ ಎಂದು ಆ ಪಟ್ಟಿ ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ನಿಷೇಧಾಜ್ಞೆ ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮಿನಂತೆ ಆರು ತಿಂಗಳವರೆಗೆ ಸಜೆ ಅಥವಾ 2,500 ರೂಪಾಯಿವರೆಗೆ ದಂಡ; ಜೀವಕ್ಕೆ ಅಪಾಯವಾಗುವಂತಿದ್ದರೆ ಇನ್ನೂ ಹೆಚ್ಚು. ದಂಡ ಕಟ್ಟಲು ಗೌಂಡಿಯ ಹಲವು ದಿನಗಳ ಹಾಜರಿ ಹೋಗುತ್ತದೆ. ಕೆಲಸ ಕೇಳಲು ನಿಂತದ್ದಕ್ಕೆ!

ಹಾಗಾದರೆ ರಸ್ತೆಗೆ ಅಡ್ಡ ನಿಂತರೂ ಸುಮ್ಮನಿರಬೇಕೇ, ಗಾಜು ಬಡಿದು ಶಾಪ ಹಾಕಿ ಹಣ ಕೀಳುವವರನ್ನೂ ಸಹಿಸಬೇಕೇ ಎಂದು ನೀವು ಕೇಳುತ್ತೀರಿ. ಬೇಡ. ಅದೇ ಸಂಹಿತೆಯ 285ನೇ ಕಲಮು ಸಾರ್ವಜನಿಕ ದಾರಿಗೆ ಅಡ್ಡಿಯಾಗುವುದನ್ನು 5,000 ರೂಪಾಯಿವರೆಗಿನ ದಂಡಕ್ಕೆ ಗುರಿ ಮಾಡುತ್ತದೆ. ಬೆದರಿಸಿ ಹಣ ಕಿತ್ತರೆ 308ನೇ ಕಲಮು, ಏಳು ವರ್ಷದವರೆಗೆ ಸಜೆ. ಈ ಎರಡರಲ್ಲೂ ಯಾರು ಮಾಡಿದರು ಎಂಬ ಪ್ರಶ್ನೆ ಬರುವುದಿಲ್ಲ, ಏನು ಮಾಡಿದರು ಎಂಬುದೇ ಮುಖ್ಯ. ಸೇವಾ ರಸ್ತೆಯಲ್ಲಿ ಎರಡು ಸಾಲು ಕಾರು ನಿಲ್ಲಿಸಿದ ನಮ್ಮ ಸೊಸೈಟಿಯ ಸದಸ್ಯರಿಗೂ 285 ಅನ್ವಯಿಸುತ್ತದೆ. ಬಹುಶಃ ಅದಕ್ಕೇ ಅರ್ಜಿಯಲ್ಲಿ ಅದರ ಸುದ್ದಿಯಿಲ್ಲ.

ಪುಣೆಗೆ ಇದು ಹೊಸದೂ ಅಲ್ಲ. 2024ರ ಏಪ್ರಿಲ್‌ನಲ್ಲಿ ಪುಣೆ ಪೊಲೀಸರು ಆಗಿನ 144ನೇ ಕಲಮಿನಡಿ ಹೊರಡಿಸಿದ ಆದೇಶ ನಿಮಗೆ ನೆನಪಿರಬಹುದು. ಮಂಗಳಮುಖಿಯರು ಸಿಗ್ನಲ್‌ಗಳಲ್ಲಿ ಸೇರಿ ಸವಾರರಿಂದ ಹಣ ಕೇಳುವುದನ್ನು, ಕರೆಯದೆ ಮನೆಗಳಿಗೆ ಹೋಗಿ ಹಣ ವಸೂಲು ಮಾಡುವುದನ್ನು ಅದು ನಿಷೇಧಿಸಿತ್ತು. ಅದರ ಹಿಂದಿನ ವರ್ಷ, ಜಿ20 ಸಭೆಗಳ ಹೊತ್ತಿಗೆ, ನಾಗಪುರದಲ್ಲಿ ಚೌಕಗಳ ಭಿಕ್ಷೆಗೂ ಇದೇ ಕಲಮು ಬಳಕೆಯಾಗಿತ್ತು. ಪುಣೆಯ ಆದೇಶಕ್ಕೆ ಕಾರಣವಾದ ದೂರುಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಗೃಹಪ್ರವೇಶದ ದಿನ ಬಾಗಿಲಲ್ಲಿ ನಿಂತು ಸಾವಿರಗಟ್ಟಲೆ ಕೇಳಿ, ಕೊಡದಿದ್ದರೆ ರಂಪ ಮಾಡಿದ್ದನ್ನು ಕಂಡವರು ನಮ್ಮಲ್ಲೇ ಇದ್ದಾರೆ. ಅದು ಬಲವಂತದ ವಸೂಲಿ, ಅದಕ್ಕೆ ಮೇಲೆ ಹೇಳಿದ ಕಲಮು ಸಾಕು. ಆದರೆ ಆದೇಶವೇ ಒಂದು ಸಮುದಾಯದ ಹೆಸರು ಹಿಡಿದು ಹೊರಟರೆ, ಶಿವಾಜಿನಗರದಲ್ಲಿ ಬಸ್ಸಿಗೆ ಕಾಯುತ್ತಿರುವ ಮಂಗಳಮುಖಿಯೂ ತಾನು ಬಸ್ಸಿಗೇ ಕಾಯುತ್ತಿರುವುದೆಂದು ಕಾನ್‌ಸ್ಟೇಬಲ್‌ಗೆ ಸಾಬೀತು ಮಾಡಬೇಕಾಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾದಾಗ ಅದರಲ್ಲಿ ಭಿಕ್ಷೆಗೆ ಪ್ರೇರೇಪಿಸುವುದು ಅಪರಾಧ ಎಂಬ ಮಾತಿತ್ತು. ಅದು ತಮ್ಮ ಮೇಲೆಯೇ ತಿರುಗುತ್ತದೆ ಎಂದು ಸಮುದಾಯ ಪ್ರತಿಭಟಿಸಿತು, 2019ರಲ್ಲಿ ಕಾಯ್ದೆ ಬಂದಾಗ ಅದರಲ್ಲಿ ಆ ಮಾತು ಇರಲಿಲ್ಲ. ಸಂಸತ್ತು ಕೈಬಿಟ್ಟದ್ದನ್ನು ಎರಡು ಪುಟದ ಅರ್ಜಿಯಲ್ಲಿ ಮತ್ತೆ ತರಲು ಹೊರಟಿದ್ದೇವೆ.

ಜೋಗತಿ ಮಂಜಮ್ಮನವರು ಪದ್ಮಶ್ರೀ ಪಡೆದಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಹೆಮ್ಮೆ ಹರಿದಾಡಿತ್ತು! ಮನೆಯಿಂದ ಹೊರಬಿದ್ದು ಒಂದು ಕಾಲಕ್ಕೆ ಭಿಕ್ಷೆ ಬೇಡಿ ಬದುಕಿದವರು ಅವರು, ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. ಆ ಚಿತ್ರವನ್ನು ಹಂಚಿಕೊಂಡ ಕೈಗಳಲ್ಲಿ ಎಷ್ಟು ಕೈ ಈ ಅರ್ಜಿಗೆ ಸಹಿ ಹಾಕಿವೆಯೋ ನಾನು ಎಣಿಸಲು ಹೋಗಿಲ್ಲ.

ಭಿಕ್ಷೆಯ ಮಾತು ಬಂದ ಮೇಲೆ ಆ ಕಾಯ್ದೆಯನ್ನೂ ನೋಡಿಬಿಡೋಣ. ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ 1959ರದು, ಅದಕ್ಕೂ ಹಿಂದೆ 1945ರದೊಂದಿತ್ತು. 1959ರ ಕಾಯ್ದೆಯ ವ್ಯಾಖ್ಯೆಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಕೈಚಾಚುವುದು ಮಾತ್ರವಲ್ಲ, ಹಾಡುವುದು, ಕುಣಿಯುವುದು, ಶಕುನ ಹೇಳುವುದು, ಪ್ರದರ್ಶನ ನೀಡುವುದು, ಏನಾದರೂ ಮಾರಲು ಮುಂದೆ ಹಿಡಿಯುವುದು ಎಲ್ಲವೂ ಭಿಕ್ಷೆಯ ನೆಪ ಎಂದು ಸೇರಿವೆ. ಜೀವನಾಧಾರ ಕಾಣದಂತೆ ಸಾರ್ವಜನಿಕ ಸ್ಥಳದಲ್ಲಿ ಅಲೆದಾಡಿದರೂ ಸಾಕು. ವಾರಂಟಿಲ್ಲದೆ ಹಿಡಿಯಬಹುದು. ಮೊದಲ ಸಲವೇ ಒಂದರಿಂದ ಮೂರು ವರ್ಷ ಭಿಕ್ಷುಕರ ಗೃಹದಲ್ಲಿ ಇರಿಸಬಹುದು, ಮತ್ತೆ ಮತ್ತೆ ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೂ. ಗೋಪಾಳ ಬುಟ್ಟಿ ಹಿಡಿದ ದಾಸರು, ಕಂತೆಭಿಕ್ಷೆಯ ಜಂಗಮರು, ಬುಡಬುಡಿಕೆಯವರು, ಕೋಲೆ ಬಸವನವರು, ಚೌಡಿಕೆ ಹಿಡಿದ ಜೋಗತಿಯರು ಎಲ್ಲರೂ ಈ ವ್ಯಾಖ್ಯೆಯೊಳಗೆ ಆರಾಮವಾಗಿ ಹಿಡಿಸುತ್ತಾರೆ. ಇದೇ ಪುಣೆಯಲ್ಲಿ ಮಾಧುಕರಿ, ಅಂದರೆ ಮನೆಮನೆಯ ಅನ್ನ, ಬೇಡಿ ಓದಿದ ವಿದ್ಯಾರ್ಥಿಗಳಿದ್ದರು. ನಮ್ಮ ಕಡೆ ವಾರಾನ್ನ ಉಂಡು ಓದಿದ ಅಜ್ಜಂದಿರ ಕಥೆ ಹೇಳದ ಮನೆಯೇ ಕಡಿಮೆ. ಆ ಕಥೆಯನ್ನು ನಾವು ಹೇಳುವುದು ಹೆಮ್ಮೆಯಿಂದ, ಅಜ್ಜ ಎಷ್ಟು ಕಷ್ಟಪಟ್ಟರು ನೋಡಿ ಎಂದು.

ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ಪ್ರತಿ ಡಿಸೆಂಬರಿನಲ್ಲಿ ಶಾಲು ಹೊದ್ದು ಹೋಗುವವರು ಇನ್ನೊಂದು ವಿಷಯ ನೆನಪಿಸಿಕೊಳ್ಳಲಿ. 1933ರಲ್ಲಿ ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟ ಹುಡುಗ ಭೀಮಸೇನ ಜೋಶಿ ರೈಲಿನಲ್ಲಿ ಸಹಪ್ರಯಾಣಿಕರು ಕೊಟ್ಟ ದುಡ್ಡಿನ ನೆರವಿನಿಂದ ಧಾರವಾಡ ಮುಟ್ಟಿದರು, ಪುಣೆಗೂ ಬಂದರು. ಆಗ ಅವರಿಗೆ ಹನ್ನೊಂದು ವರ್ಷ. ಅಪರಿಚಿತರು ಅಂದು ಕೊಟ್ಟರು. 2008ರಲ್ಲಿ ಭಾರತ ರತ್ನ ಬಂದಾಗ ಪುಣೆಯ ಕನ್ನಡಿಗರು, ಮರಾಠಿಗರು ಇಬ್ಬರೂ ಅವರು ನಮ್ಮವರು ಎಂದರು. ಅಂಥ ಹುಡುಗ ಈಗ ಸ್ವಾರಗೇಟಿನ ಸಿಗ್ನಲ್‌ನಲ್ಲಿ ನಿಂತು ಹಾಡಿದರೆ ನಾವು ಗಾಜು ಏರಿಸುತ್ತೇವೆ, ಮನೆಗೆ ಬಂದು ಅರ್ಜಿಗೆ ಸಹಿ ಹಾಕುತ್ತೇವೆ.

ದೆಹಲಿ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಇದೇ ಮುಂಬಯಿ ಕಾಯ್ದೆಯ ಬಹಳಷ್ಟು ಕಲಮುಗಳನ್ನು ದೆಹಲಿಯ ಮಟ್ಟಿಗೆ ರದ್ದು ಮಾಡಿತು. ಸರ್ಕಾರ ಅನ್ನ, ಕೆಲಸ ಕೊಡಲಾರದ ಕಡೆ ಬೇಡುವುದನ್ನು ಅಪರಾಧವೆನ್ನುವುದು ಹೇಗೆ ಎಂಬುದು ಅದರ ತರ್ಕ. ಬಲವಂತವಾಗಿ ಭಿಕ್ಷೆಗೆ ದೂಡುವವರ ವಿರುದ್ಧದ ಭಾಗವನ್ನು ಅದು ಮುಟ್ಟಲಿಲ್ಲ. ಕೋವಿಡ್ ಕಾಲದಲ್ಲಿ, 2021ರ ಜುಲೈನಲ್ಲಿ, ಸಿಗ್ನಲ್‌ಗಳಿಂದ ಭಿಕ್ಷುಕರನ್ನು ತೆರವು ಮಾಡಿಸಿ ಎಂಬ ಬೇಡಿಕೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅಂಥ ಉಳ್ಳವರ ದೃಷ್ಟಿಯನ್ನು ತಾನು ಒಪ್ಪಲಾರೆ ಎಂದು ಅದು ಹೇಳಿತು. ಮಹಾರಾಷ್ಟ್ರದಲ್ಲಿ 1959ರ ಕಾಯ್ದೆ ಇನ್ನೂ ಇದೆ. ಅತ್ತ ಇಂದೋರಿನಲ್ಲಿ 2025ರ ಜನವರಿ 1ರಿಂದ ಭಿಕ್ಷೆ ಕೊಟ್ಟವರ ಮೇಲೂ ಪ್ರಕರಣ ದಾಖಲಿಸಲು ಆದೇಶವಾಯಿತು, ಫೆಬ್ರವರಿಯಲ್ಲಿ ಭೋಪಾಲವೂ ಅದೇ ದಾರಿ ಹಿಡಿಯಿತು. ಆ ಸುದ್ದಿ ಓದಿದ ಮೇಲೆ ನಮ್ಮ ಅರ್ಜಿದಾರರಿಗೆ ಹುರುಪು ಬಂದಿದೆ.

ಕರ್ನಾಟಕದಲ್ಲಿ ಹೀಗಿಲ್ಲ ಎಂದು ಯಾರೂ ಬೀಗಬೇಡಿ. ಅಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, ಆಸ್ತಿ ತೆರಿಗೆಯ ಮೇಲೆ ಶೇ 3ರ ಭಿಕ್ಷುಕರ ಸೆಸ್ ಇದೆ. ಊರಲ್ಲಿ ಮನೆ ಇರುವವರು ತೆರಿಗೆ ಚೀಟಿ ತೆಗೆದು ನೋಡಿ, ಕಾಣುತ್ತದೆ. ಅಷ್ಟೆಲ್ಲ ಹಣವಿದ್ದೂ 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಭಿಕ್ಷುಕರ ಪುನರ್ವಸತಿ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಮಂದಿ ಸತ್ತರು. ರಸ್ತೆಯಿಂದ ಎತ್ತಿ ಒಯ್ದವರನ್ನು ಎಲ್ಲಿಗೆ ಒಯ್ಯುತ್ತಾರೆ ಎಂದು ಕೇಳದೆ 'ತೆರವುಗೊಳಿಸಿ' ಎಂದು ಬರೆಯುವುದು ಸುಲಭ.

ಅರ್ಜಿಯಲ್ಲಿ ನಾನು ಒಪ್ಪುವ ಒಂದು ಅಂಶವೂ ಇದೆ, ಅದು ಮಕ್ಕಳದು. ಹಸಿರು ದೀಪ ಬಿದ್ದಾಗ ಬೈಕುಗಳ ನಡುವೆ ಸಿಕ್ಕಿಕೊಂಡ ಐದಾರು ವರ್ಷದ ಮಗುವನ್ನು ಕಂಡು ಎದೆ ಝಲ್ಲೆನ್ನದವರಿಲ್ಲ. ಮಕ್ಕಳನ್ನು ಭಿಕ್ಷೆಗೆ ಇಳಿಸಿದರೆ ಬಾಲನ್ಯಾಯ ಕಾಯ್ದೆಯಡಿ ಐದು ವರ್ಷದವರೆಗೆ ಸಜೆ ಇದೆ, ಅದಕ್ಕೆಂದು ಅಪಹರಿಸಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ. ಅದನ್ನು ಜಾರಿ ಮಾಡಿ ಎಂದು ಕೇಳಿದರೆ ನಾನೇ ಮೊದಲ ಸಹಿ ಹಾಕುತ್ತೇನೆ. ಆದರೆ ನಿಷೇಧಾಜ್ಞೆ ಬಂದ ದಿನ ಆ ಮಗು ಇನ್ನೊಂದು ಚೌಕಕ್ಕೆ ಹೋಗುತ್ತದೆ, ಅಷ್ಟೇ. ಮುಂಬಯಿ ಪಕ್ಕದ ಠಾಣೆ ನಗರದವರು ಬೇರೆ ದಾರಿ ಹಿಡಿದರು. ಅಲ್ಲಿನ ತೀನ್ ಹಾತ್ ನಾಕಾದ ಮೇಲ್ಸೇತುವೆಯ ಕೆಳಗೆ 2016ರಿಂದ ಸಿಗ್ನಲ್ ಶಾಲೆ ನಡೆಯುತ್ತಿದೆ. ಸರಕು ಸಾಗಿಸುವ ಕಂಟೇನರ್‌ಗಳನ್ನೇ ತರಗತಿ ಮಾಡಿ, ಮಹಾನಗರ ಪಾಲಿಕೆಯ ಜೊತೆಗೂಡಿ ಒಂದು ಸ್ವಯಂಸೇವಾ ಸಂಸ್ಥೆ ಅದನ್ನು ಆರಂಭಿಸಿತು. ಮಗು ಸಿಗ್ನಲ್ ಬಿಟ್ಟು ಶಾಲೆಗೆ ಬರಲಿ ಎಂದು ಕಾಯುತ್ತ ಕೂರದೆ ಶಾಲೆಯೇ ಸಿಗ್ನಲ್‌ಗೆ ಹೋಯಿತು. ಪುಣೆಯ ಮೇಲ್ಸೇತುವೆಗಳ ಕೆಳಗೆ ಏನಿದೆ ಎಂದು ನಿಮಗೇ ಗೊತ್ತು.

ಮಾರುವವರ ವಿಷಯದಲ್ಲಿ ಹೆಚ್ಚು ವಾದವೇ ಬೇಡ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ಒಂದೆಡೆ ಕುಳಿತು ಮಾರುವವರ ಜೊತೆ ತಿರುಗಾಡಿ ಮಾರುವವರೂ ಇದ್ದಾರೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದೆಂದು ಅದರ ಮೂರನೇ ಕಲಮು ಹೇಳುತ್ತದೆ. ಎಲ್ಲಿ ಮಾರಬಹುದು, ಎಲ್ಲಿ ಬಾರದು ಎಂಬುದಕ್ಕೆ ನಗರ ವ್ಯಾಪಾರ ಸಮಿತಿ ಇದೆ, ಅದರಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಸಿಗ್ನಲ್‌ನ ನಡುವೆ ಮಾರುವುದು ಅಪಾಯಕಾರಿ ಎಂದಾದರೆ ಆ ಸಮಿತಿಯ ಮುಂದೆ ಹೇಳಿ, ಜಾಗ ಗುರುತಿಸಿ ಎನ್ನಿ. ಪೊಲೀಸ್ ಆಯುಕ್ತರ ಹತ್ತಿರ ಹೋಗಿ ಆ ಕಾಯ್ದೆಯನ್ನು ಹಿಂಬಾಗಿಲಿನಿಂದ ಮುರಿಯಿರಿ ಎನ್ನಬೇಡಿ.

ರಸ್ತೆಯಲ್ಲಿ ನಿಂತು ಹಣ ಕೇಳುವವರು ಬಡವರು ಮಾತ್ರವೇ? ಗಣೇಶೋತ್ಸವಕ್ಕೆ ಮುಂಚೆ ವರ್ಗಣಿ (ಚಂದಾ) ಪುಸ್ತಕ ಹಿಡಿದು ಬಾಗಿಲಿಗೆ ಬರುವವರಿಗೆ ನೀವು ಎಂದಾದರೂ ಧರ್ಮಾದಾಯ ಆಯುಕ್ತರ ಅನುಮತಿ ಪತ್ರ ಕೇಳಿದ್ದೀರಾ? ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41-ಸಿ ಪ್ರಕಾರ ಅಂಥ ದೇಣಿಗೆ ಎತ್ತಲು ಅದು ಬೇಕು. ಮಂಟಪ ಅರ್ಧ ರಸ್ತೆ ನುಂಗಿದಾಗ ನಾವು ಬಳಸಿಕೊಂಡು ಹೋಗುತ್ತೇವೆ, ಆರತಿಗೂ ನಿಲ್ಲುತ್ತೇವೆ. ನನಗೂ ಗಣೇಶೋತ್ಸವ ಇಷ್ಟ. ಪಂಢರಪುರಕ್ಕೆ ನಡೆದು ಹೋಗುವ ವಾರಿಯ ಪಾಲಖಿಗಳು ಪುಣೆಗೆ ಬರುವ ದಿನ ವಾಹನಗಳೇ ದಾರಿ ಬಿಡುತ್ತವೆ, ಅದು ಈ ಊರಿನ ದೊಡ್ಡತನ. ಗುಂಪು ಎಂದರೆ ನಮಗೆ ಅಲರ್ಜಿ ಇಲ್ಲ ಎಂದಾಯಿತು. ಹರಿದ ಬಟ್ಟೆಯ ಗುಂಪು ಎಂದರೆ ಮಾತ್ರ ಸಂಚಾರ ನಿಯಮ ನೆನಪಾಗುತ್ತದೆ.

ಸುರಕ್ಷತೆಯೇ ನಿಮ್ಮ ಕಾಳಜಿಯಾದರೆ ಅದಕ್ಕೂ ಈ ಊರಿನಲ್ಲೇ ಆಧಾರವಿದೆ. ಪುಣೆ ಪಾಲಿಕೆ 2016ರಲ್ಲೇ ಪಾದಚಾರಿ ಧೋರಣೆ ರೂಪಿಸಿತ್ತು. 2021ರಿಂದ ಡಿಸೆಂಬರ್ 11ರಂದು ಲಕ್ಷ್ಮಿ ರಸ್ತೆಯಲ್ಲಿ ವಾಹನ ನಿಲ್ಲಿಸಿ ಪಾದಚಾರಿ ದಿನ ಆಚರಿಸುವ ಪರಿಪಾಠ ಬಂದಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅಡ್ಡಿಯಿಲ್ಲದ ಪಾದಚಾರಿ ಮಾರ್ಗ ಜೀವಿಸುವ ಹಕ್ಕಿನ ಭಾಗ ಎಂದಿತು. ನಮ್ಮ ಸೇವಾ ರಸ್ತೆಯಲ್ಲಿ ಪಾದಚಾರಿ ಮಾರ್ಗ ಸರಿಯಾಗಿದ್ದರೆ ನಾಕಾದ ಜನ ಡಾಂಬರಿನ ಮೇಲೆ ಇಳಿಯುವ ಅಗತ್ಯವೇ ಬೀಳುತ್ತಿರಲಿಲ್ಲ. ಇರುವ ಎರಡು ಅಡಿಯ ಮೇಲೂ ಬೈಕುಗಳು ಏರುತ್ತವೆ. ಆ ಬೈಕುಗಳನ್ನು ಓಡಿಸುವವರು ಗುಳೆ ಬಂದವರಲ್ಲ.

ಬರುವ ಭಾನುವಾರ ಸೊಸೈಟಿಗಳ ಪ್ರತಿನಿಧಿಗಳು ಅರ್ಜಿಯನ್ನು ಅಂತಿಮಗೊಳಿಸಲು ಸೇರುತ್ತಿದ್ದಾರೆ. ನಾನು ಪರ್ಯಾಯವಾಗಿ ಒಂದು ಪುಟದ ಮನವಿ ಬರೆದಿಟ್ಟಿದ್ದೇನೆ, ಮರಾಠಿಯಲ್ಲೂ ಕನ್ನಡದಲ್ಲೂ. ಅದು ಪೊಲೀಸರಿಗಲ್ಲ, ಪಾಲಿಕೆಗೆ ಮತ್ತು ಕಾರ್ಮಿಕ ಇಲಾಖೆಗೆ. ಅಡ್ಡಾದ ಬಳಿ ಟೆಂಪೊ ನಿಲ್ಲಲು ಒಂದು ತಂಗುದಾಣ, ಮೇಲೊಂದು ಮಾಡು, ನಲ್ಲಿ, ಹೆಂಗಸರಿಗೆ ಒಳಗಿನಿಂದ ಚಿಲಕ ಬೀಳುವ ಶೌಚಾಲಯ ಬೇಕೆಂದು ಅದರಲ್ಲಿದೆ. ತಿಂಗಳಿಗೊಮ್ಮೆ ಕಾರ್ಮಿಕ ಕಲ್ಯಾಣ ಮಂಡಳಿಯ ಸಿಬ್ಬಂದಿಯೇ ಅಡ್ಡಾಕ್ಕೆ ಬಂದು ನೋಂದಣಿ ಮಾಡಿಕೊಳ್ಳಲಿ, ಮೇಲ್ಸೇತುವೆಯ ಕೆಳಗಿನ ಜಾಗದಲ್ಲಿ ಠಾಣೆಯ ಮಾದರಿಯ ಶಾಲೆ ತೆರೆಯಲಿ ಎಂದೂ ಇದೆ. ಸೇವಾ ರಸ್ತೆಯಲ್ಲಿ ನಿಲ್ಲಿಸುವ ಕಾರುಗಳ ಬಗ್ಗೆ ಒಂದು ಸಾಲು ಸೇರಿಸಿದ್ದೇನೆ, ಅದನ್ನು ತೆಗೆಯಿರಿ ಎಂದು ಈಗಾಗಲೇ ಇಬ್ಬರು ಹೇಳಿದ್ದಾರೆ. ತೆಗೆಯುವುದಿಲ್ಲ. ಕಾಗದದ ಭಾಷೆ ತಿದ್ದಬಲ್ಲವರು, ಪಾಲಿಕೆಯ ವಾರ್ಡ್ ಕಚೇರಿಗೆ ಜೊತೆಗೆ ಬರಬಲ್ಲವರು, ನಾಕಾದ ಮಂದಿಯ ಜೊತೆ ಕನ್ನಡದಲ್ಲಿ ಕುಳಿತು ಮಾತಾಡಿ ಅವರಿಗೆ ಇನ್ನೇನು ಬೇಕೆಂದು ಕೇಳಿ ಬರೆದುಕೊಳ್ಳಬಲ್ಲವರು ಸಭೆಗೆ ಅರ್ಧ ಗಂಟೆ ಮುಂಚೆ ಬನ್ನಿ.

ಇಂತಿ,
ವಾರ್ಜೆಯ ಒಬ್ಬ ಕನ್ನಡಿಗ